ಟೀಚರ್‌ಗಳಿಗೇ ಮಾರ್ಕ್ಸ್ ಹಾಕಿದ ಪೇಪರ್: ಡೇಟಾ ಜರ್ನಲಿಸಂ ನೋಟ್ಸ್

ಶಿಕ್ಷಣದ ವರದಿಗಾರಿಕೆ ಅಂದ್ರೆ ಈ ಕೇಸ್ ಬಂದೇ ಬರುತ್ತೆ, ಅದಕ್ಕೆ ಸ್ವಲ್ಪ ಬಿಡಿಸಿ ಬರೀತಿದೀನಿ. 2010ರ ಆಗಸ್ಟ್. ಲಾಸ್ ಏಂಜಲೀಸ್ ಟೈಮ್ಸ್‌ನವರು ಅಲ್ಲಿನ ಸರ್ಕಾರಿ ಶಾಲೆಗಳ ಏಳು ವರ್ಷದ ಟೆಸ್ಟ್ ಸ್ಕೋರ್‌ಗಳನ್ನ ನಮ್ಮ ಆರ್‌ಟಿಐ ಥರದ ಕಾನೂನಲ್ಲಿ ತರಿಸ್ಕೊಂಡು, ರಿಚರ್ಡ್ ಬಡಿನ್ ಅನ್ನೋ ಎಕನಾಮಿಸ್ಟ್ ಕೈಲಿ ಲೆಕ್ಕ ಹಾಕಿಸಿ, 3ರಿಂದ 5ನೇ ಕ್ಲಾಸಿನ ಸುಮಾರು 6,000 ಟೀಚರ್‌ಗಳನ್ನ ಹೆಸರು ಸಮೇತ ಐದು ದರ್ಜೆ ಮಾಡಿ ಆನ್‌ಲೈನ್ ಹಾಕಿಬಿಟ್ರು. ಯೂನಿಯನ್ ಕೆರಳಿತು, ಆಗಿನ ಅಮೆರಿಕದ ಶಿಕ್ಷಣ ಮಂತ್ರಿ ಆರ್ನಿ ಡಂಕನ್ ಸರಿ ಅಂದ್ರು.

ಲೆಕ್ಕ ಹೇಗೆ ಅಂದ್ರೆ, ಇದಕ್ಕೆ ವ್ಯಾಲ್ಯೂ ಆಡೆಡ್ ಅಂತಾರೆ. ಮಗುವಿನ ಹಿಂದಿನ ಸ್ಕೋರ್ ನೋಡಿ ಈ ವರ್ಷ ಇಷ್ಟು ಬರಬಹುದು ಅಂತ ಅಂದಾಜು ಮಾಡೋದು, 60 ಅಂತಿಟ್ಕೊಳ್ಳಿ. ಬಂದಿದ್ದು 66 ಆದ್ರೆ ಆರು ಹೆಚ್ಚು, 55 ಆದ್ರೆ ಐದು ಕಮ್ಮಿ, ಹೀಗೆ ಇಡೀ ಕ್ಲಾಸಿಂದು ಸೇರಿಸಿ ಆವರೇಜ್ ತೆಗೆದು ಟೀಚರ್ ಖಾತೆಗೆ ಬರಿಯೋದು. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ಬರೋ ಜಿಲ್ಲಾವಾರು ಪಟ್ಟಿಗಿಂತ ಇದು ವಾಸಿನೇ, ಯಾಕಂದ್ರೆ ಹಿಂದುಳಿದ ಮಕ್ಕಳ ಕ್ಲಾಸ್ ಸಿಕ್ಕಿದ್ದಕ್ಕೇ ಟೀಚರ್‌ಗೆ ಏಟು ಬೀಳಲ್ಲ. ಆದ್ರೆ ಆ ಆರು ಮಾರ್ಕ್ಸಲ್ಲಿ ಟ್ಯೂಷನ್, ಟೆಸ್ಟ್ ದಿನದ ಜ್ವರ, ಯಾವ ಕ್ಲಾಸಿಗೆ ಯಾರ್ಯಾರನ್ನ ಹಾಕಿದ್ರು ಎಲ್ಲಾ ಸೇರ್ಕೊಂಡಿರುತ್ತೆ, 25 ಮಕ್ಕಳಲ್ಲಿ ಇಬ್ಬರು ಮೂವರು ಏರುಪೇರಾದ್ರೂ ಆವರೇಜ್ ಅಲ್ಲಾಡುತ್ತೆ. ಸ್ಕೋರ್‌ಗಳ ವ್ಯತ್ಯಾಸದಲ್ಲಿ ಟೀಚರ್ ಪಾಲು ಹೆಚ್ಚಿನ ಸ್ಟಡಿಗಳ ಪ್ರಕಾರ 1ರಿಂದ 14 ಪರ್ಸೆಂಟ್ ಅಂತ ಅಮೆರಿಕನ್ ಸ್ಟಾಟಿಸ್ಟಿಕಲ್ ಅಸೋಸಿಯೇಷನ್ 2014ರಲ್ಲಿ ಹೇಳ್ತು.

ಈಗ ಮಜಾ ಇರೋ ಭಾಗ. 2011ರಲ್ಲಿ ಕೊಲರಾಡೊ ಯೂನಿವರ್ಸಿಟಿಯ ಇಬ್ಬರು ಅದೇ ಡೇಟಾ ತಗೊಂಡು ಇನ್ನೊಂದಿಷ್ಟು ಅಂಶ ಸೇರಿಸಿ ಲೆಕ್ಕ ಮಾಡಿದ್ರು, ರೀಡಿಂಗ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಟೀಚರ್‌ಗಳ ದರ್ಜೆನೇ ಬದಲಾಯ್ತು. ಪೇಪರ್ ಇದನ್ನ ವರದಿ ಮಾಡಿದ್ದು ಹೇಗೆ ಗೊತ್ತಾ, ನಮ್ಮ ಫಲಿತಾಂಶಗಳಲ್ಲಿ ಸುಮಾರನ್ನ ಬೇರೆ ಸ್ಟಡಿನೂ ದೃಢಪಡಿಸಿದೆ ಅನ್ನೋ ಹೆಡ್‌ಲೈನ್ ಹಾಕಿ! ಸ್ಟಡಿ ಮಾಡಿದವರೇ ಆಕ್ಷೇಪ ಎತ್ತಿದ್ರು. ನನ್ನ ಪ್ರಕಾರ ಡೇಟಾ ತೆಗೆದಿದ್ದು ತಪ್ಪಲ್ಲ, ಇಷ್ಟು ಅಲ್ಲಾಡೋ ನಂಬರನ್ನ ಒಬ್ಬೊಬ್ಬರ ಹೆಸರಿಗೆ ಅಂಟಿಸಿದ್ದು ತಪ್ಪು.

ನ್ಯೂಯಾರ್ಕ್‌ದು ಇದಕ್ಕಿಂತ ಅತಿ. 2012ರ ಫೆಬ್ರವರಿಲಿ, ಪತ್ರಿಕೆಗಳು ಕೇಳಿದ್ದನ್ನ ತಡೆಯೋಕೆ ಹೋದ ಟೀಚರ್ ಯೂನಿಯನ್ ಕೋರ್ಟಲ್ಲಿ ಸೋತ ಮೇಲೆ, ಸುಮಾರು 18,000 ಟೀಚರ್‌ಗಳ ರ‍್ಯಾಂಕಿಂಗ್ ಹೊರಬಂತು. ಇಂಗ್ಲಿಷ್ ರ‍್ಯಾಂಕಿನ ಅನಿಶ್ಚಿತತೆ ಸರಾಸರಿ 53 ಪರ್ಸೆಂಟೈಲ್ (ನೂರು ಜನರ ಸಾಲಲ್ಲಿ ಎಷ್ಟನೇ ಜಾಗ ಅನ್ನೋ ಅಳತೆ) ಅಗಲ, ಗಣಿತದ್ದು 35. ಅಂದ್ರೆ ಇಂಗ್ಲಿಷಲ್ಲಿ 50 ಅಂತ ಅಚ್ಚಾದವರು ನಿಜವಾಗಿ 24ರಲ್ಲೂ ಇರಬಹುದು 76ರಲ್ಲೂ ಇರಬಹುದು. ಅಷ್ಟಿದ್ರೂ ನ್ಯೂಯಾರ್ಕ್ ಪೋಸ್ಟ್‌ನವರು ಅತಿ ಕೆಟ್ಟ ಟೀಚರ್ ಯಾರು ಅಂತ ಹುಡುಕ್ಕೊಂಡು ಹೋದ್ರು. ಗಾಥಮ್ ಸ್ಕೂಲ್ಸ್ ಅನ್ನೋ ಸಣ್ಣ ನ್ಯೂಸ್ ಸೈಟ್ ಮಾತ್ರ ಹೆಸರು ಹಾಕಲ್ಲ ಅಂತ ಹೇಳಿ, ಯಾಕೆ ಹಾಕಲ್ಲ ಅಂತಾನೂ ಬರೀತು. ಪರೀಕ್ಷೇಲಿ ಎಥಿಕ್ಸ್ ಪ್ರಶ್ನೆ ಬಂದ್ರೆ ಈ ಎರಡನ್ನ ಅಕ್ಕಪಕ್ಕ ಇಟ್ಟು ಬರೀರಿ. ಅದೇ ವರ್ಷ ಜೂನಲ್ಲಿ ಆ ರಾಜ್ಯ ಕಾನೂನು ತಂತು: ತಮ್ಮ ಮಗುವಿನ ಟೀಚರ್ ರೇಟಿಂಗ್ ಅಪ್ಪ ಅಮ್ಮ ಕೇಳಿ ನೋಡಬಹುದು, ಹೆಸರು ಸಮೇತ ಊರಿಗೆಲ್ಲ ಬಿಡೋ ಹಾಗಿಲ್ಲ.