ನಾಯಿ ಓಡಿತೆಂದು ಮಾತ್ರೆ ನಿಲ್ಲಿಸಬೇಡಿ
ದಾವಣಗೆರೆಯ ಅಕ್ಕಿ ಗಿರಣಿಯೊಂದರ ಕಾವಲು ನಾಯಿ, 3 ವರ್ಷದ ಜರ್ಮನ್ ಶೆಫರ್ಡ್. ನೆಲದ ಮೇಲೆ ನಿಲ್ಲಿಸಿ ಹಿಂಗಾಲಿನ ಪಾದವನ್ನು ಮಗುಚಿ ಇಟ್ಟೆ. ಗಟ್ಟಿಮುಟ್ಟಾದ ನಾಯಿ ಅದನ್ನು ತಕ್ಷಣ ತಿರುಗಿಸಿಕೊಳ್ಳುತ್ತದೆ. ಇದು ಹಾಗೇ ನಿಂತಿತ್ತು, ಆ ಪಾದ ತನ್ನದಲ್ಲವೇನೋ ಎಂಬಂತೆ. ನಡುವಿನ ಎರಡು ಉಗುರು ನೆಲಕ್ಕೆ ಉಜ್ಜಿ ಸವೆದಿದ್ದವು.

"ಉಳುಕಿರಬೇಕು ಸಾರ್. ಇಂಜೆಕ್ಷನ್ ಹಾಕಿಸಿದ್ವಿ, ನಾಲ್ಕು ದಿನ ಚೆನ್ನಾಗೇ ಓಡಾಡ್ತು," ಎಂದರು ಮಾಲೀಕರು.

ನನಗೆ ಅನುಮಾನ ಬಂದದ್ದೇ ಆ ನಾಲ್ಕು ದಿನದ ಮೇಲೆ. ಹಾಕಿಸಿದ್ದು ಸ್ಟೀರಾಯ್ಡ್. ಬಾವು ಇಳಿಯುತ್ತದೆ, ನಾಯಿ ಏಳುತ್ತದೆ. ಜೊತೆಗೆ ರೋಗ ತಡೆಯುವ ಶಕ್ತಿಯೂ ಇಳಿಯುತ್ತದೆ. ಒಳಗೆ ಫಂಗಸ್ ಇದ್ದರೆ ಅದಕ್ಕೆ ಹಬ್ಬ.

ಹಿಂಗಾಲು ಸೋತ ನಾಯಿಗೆಲ್ಲ ಫಂಗಸ್ ಇರುವುದಿಲ್ಲ. ಬೆನ್ನುಮೂಳೆಯ ಡಿಸ್ಕ್ ತೊಂದರೆ, ಡಿಸ್ಟೆಂಪರ್ ಎಂಬ ವೈರಸ್ ರೋಗ, ಪೆಟ್ಟು ಇವೇ ಜಾಸ್ತಿ. ಆದರೆ ಗಿರಣಿ ಗೋದಾಮಿನ ತುಂಬ ಪಾರಿವಾಳ ಅಲ್ವಾ? ಅವುಗಳ ಒಣ ಹಿಕ್ಕೆಯಲ್ಲಿ ಕ್ರಿಪ್ಟೊಕಾಕಸ್ ಎಂಬ ಫಂಗಸ್ ಬೆಳೆಯುತ್ತದೆ. ಧೂಳಿನ ಜೊತೆ ಮೂಗು ಸೇರಿ, ಮಿದುಳು, ಬೆನ್ನುಹುರಿಗೆ ಇಳಿಯಬಹುದು. ಅರಿವಳಿಕೆ ಕೊಟ್ಟು ಬೆನ್ನುಹುರಿಯ ನೀರು ತೆಗೆದು, ಇಂಡಿಯಾ ಇಂಕ್ ಎಂಬ ಕಪ್ಪು ಶಾಯಿ ಬೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಕಪ್ಪು ಬಯಲಿನಲ್ಲಿ ಬೆಳ್ಳನೆಯ ಬಳೆಗಳು, ಒಂದೊಂದರ ಒಳಗೂ ಒಂದು ಕಣ. ಅದೇ ಕ್ರಿಪ್ಟೊಕಾಕಸ್.

ಬರೆದದ್ದು ಫ್ಲುಕೊನಜೋಲ್. "ಇದು ಹುಳುಕಡ್ಡಿ ಮಾತ್ರೆ ಅಲ್ವಾ ಸಾರ್?" ಹೌದು, ಅದೇ. ರಕ್ತದಿಂದ ಬೆನ್ನುಹುರಿಯ ನೀರಿಗೆ ಇದು ಚೆನ್ನಾಗಿ ದಾಟುತ್ತದೆ, ಅದೇ ಬಗೆಯ ಕೀಟೊಕೊನಜೋಲ್ ಅಷ್ಟು ದಾಟುವುದಿಲ್ಲ. ರೋಗ ಜೋರಾಗಿದ್ದರೆ ಆಂಫೊಟೆರಿಸಿನ್ ಬಿ ಡ್ರಿಪ್ ಕೂಡ ಬೇಕಾಗುತ್ತದೆ. ಅದು ಕಿಡ್ನಿಗೆ ಕಷ್ಟ, ಕಿಡ್ನಿಯ ಸ್ಥಿತಿ ತಿಳಿಸುವ ರಕ್ತದ ಕ್ರಿಯಾಟಿನಿನ್ ಮಟ್ಟ ನೋಡುತ್ತಲೇ ಇರಬೇಕು. ಅಸ್ಪರ್ಜಿಲಸ್ ಎಂಬ ಇನ್ನೊಂದು ಫಂಗಸ್ ಆಗಿದ್ದರೆ ಮಾತ್ರ ಕಥೆಯೇ ಬೇರೆ. ಫ್ಲುಕೊನಜೋಲ್ ಅದಕ್ಕೆ ನಾಟುವುದಿಲ್ಲ, ವೊರಿಕೊನಜೋಲ್‌ನಂಥದ್ದು ಬೇಕು. ದುಬಾರಿ, ಉಳಿಯುವ ಭರವಸೆಯೂ ಕಡಿಮೆ. ಯಾವ ಫಂಗಸ್ ಎಂದು ತಿಳಿಯದೆ ಸುಮ್ನೆ ಮಾತ್ರೆ ಶುರು ಮಾಡಬಾರದು ಅನ್ನುವುದು ಇದಕ್ಕೇ.

ಎಲ್ಲಕ್ಕಿಂತ ಕಷ್ಟ ಮಾತ್ರೆ ಮುಂದುವರಿಸುವುದು. ಆರು ತಿಂಗಳಂತೂ ಹಿಡಿಯುತ್ತದೆ, ಕೆಲವಕ್ಕೆ ವರ್ಷವೂ ದಾಟುತ್ತದೆ. ಆಗಾಗ ಲಿವರ್ ಪರೀಕ್ಷೆ ಬೇರೆ. ಈ ನಾಯಿ ಎರಡನೇ ತಿಂಗಳಿಗೆ ಗೇಟಿನವರೆಗೆ ಓಡಿತು, ಮಾಲೀಕರು ಮಾತ್ರೆ ನಿಲ್ಲಿಸಿಬಿಟ್ಟರು. ಐದು ವಾರಕ್ಕೆ ಮತ್ತೆ ಅದೇ ಮಗುಚಿದ ಪಾದ. ಮೊದಲಿನಿಂದ ಶುರು. ಯಾವಾಗ ನಿಲ್ಲಿಸಬೇಕೆಂದು ಹೇಳುವುದು ರಕ್ತದಲ್ಲಿ ಫಂಗಸ್ಸಿನ ಅಂಶ ಹುಡುಕುವ ಆಂಟಿಜನ್ ಪರೀಕ್ಷೆ, ನಾಯಿಯ ಓಟವಲ್ಲ.

ಇದು ನಾಯಿಯಿಂದ ಮನುಷ್ಯರಿಗೆ ಅಂಟುವ ರೋಗವಲ್ಲ. ಮಕ್ಕಳು ಮುದ್ದಾಡಲಿ ಬಿಡಿ. ಗೋದಾಮು ಗುಡಿಸುವವರು ಹಿಕ್ಕೆಗೆ ಮೊದಲು ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಳ್ಳಬೇಕು.

ಈಗ ಹತ್ತನೇ ತಿಂಗಳು. ಎಡಗಾಲು ಇನ್ನೂ ಸ್ವಲ್ಪ ಎಳೆಯುತ್ತದೆ. ನಾಯಿಗೂಡು ಗೋದಾಮಿನಿಂದ ಗೇಟಿನ ಬಳಿಯ ಬೇವಿನ ಮರದಡಿಗೆ ಬಂದಿದೆ.