ಒಂದೇ ಮತಗಟ್ಟೆಯಲ್ಲಿ ಎರಡು ಪಕ್ಷಕ್ಕೆ ವೋಟು: ಇದು ಗೊಂದಲವೇ?

ಪ್ರಶ್ನೆ: ಬ್ರಿಟನ್ನಿನಲ್ಲಿ ಸ್ಥಳೀಯ ಚುನಾವಣೆಯಲ್ಲಿ ಒಂದು ಪಕ್ಷಕ್ಕೆ ವೋಟು ಹಾಕಿದವರೇ ಯುರೋಪಿಯನ್ ಚುನಾವಣೆಯಲ್ಲಿ ಇನ್ನೊಂದಕ್ಕೆ ಹಾಕುತ್ತಿದ್ದರಂತೆ. ಏಕೆ? ಜನರಿಗೆ ಗೊತ್ತಾಗುತ್ತಿರಲಿಲ್ಲವೇ?

ಚೆನ್ನಾಗಿಯೇ ಗೊತ್ತಾಗುತ್ತಿತ್ತು. ಇಂಥ ಮತದಾರರನ್ನು ಚಂಚಲರು ಎನ್ನುವುದು ಅವರಿಗೆ ಮಾಡುವ ಅನ್ಯಾಯ.

2014ರ ಮೇ 22, ಗುರುವಾರ. ಲಂಡನ್ನಿನ ಮತಗಟ್ಟೆಗೆ ಹೋದವರ ಕೈಗೆ ಎರಡು ಮತಪತ್ರ ಬಂದವು. ಒಂದು ವಾರ್ಡಿನದು. ಅಲ್ಲಿನ ಹೆಚ್ಚಿನ ವಾರ್ಡುಗಳಿಗೆ ಮೂವರು ಕೌನ್ಸಿಲರ್‌ಗಳು, ಹಾಗಾಗಿ ಮೂರು ಹೆಸರಿನ ಮುಂದೆ ಗುರುತು ಹಾಕಬಹುದಿತ್ತು. ಇನ್ನೊಂದು ಯುರೋಪಿಯನ್ ಪಾರ್ಲಿಮೆಂಟಿನದು: ಉದ್ದದ ಹಾಳೆ, ಸಾಲು ಸಾಲು ಪಕ್ಷಗಳು, ಹಾಕಬೇಕಾದ್ದು ಒಂದೇ ಗುರುತು. ಬ್ರಿಟನ್ನಿನಲ್ಲಿ ನೆಲೆಸಿದ ಭಾರತೀಯ ಪ್ರಜೆಗಳಿಗೂ ಕಾಮನ್‌ವೆಲ್ತ್ ಲೆಕ್ಕದಲ್ಲಿ ಎರಡೂ ವೋಟು ಇದ್ದವು. ಅಲ್ಲಿನ ಕನ್ನಡಿಗರೂ ಈ ಎರಡು ಹಾಳೆ ಹಿಡಿದು ನಿಂತವರೇ.

ಸ್ಥಳೀಯ ಚುನಾವಣೆಯ ಮತಗಳನ್ನು ಇಡೀ ದೇಶಕ್ಕೆ ಅನ್ವಯಿಸಿ ಬಿಬಿಸಿ ಹಾಕಿದ ಲೆಕ್ಕದಲ್ಲಿ ಲೇಬರ್‌ಗೆ ಶೇ. 31, ಕನ್ಸರ್ವೇಟಿವ್‌ಗೆ ಶೇ. 29, ಯುರೋಪಿಯನ್ ಒಕ್ಕೂಟ ಬಿಡಬೇಕೆನ್ನುವ ಯುಕಿಪ್ ಪಕ್ಷಕ್ಕೆ ಶೇ. 17. ಯುರೋಪಿನ ಮತ ಎಣಿಸಿದ್ದು ಭಾನುವಾರ ರಾತ್ರಿ, ಒಕ್ಕೂಟದ ಉಳಿದ ದೇಶಗಳಲ್ಲೂ ಮತದಾನ ಮುಗಿದ ಮೇಲೆ. ಆಗ ಯುಕಿಪ್ ಸುಮಾರು ಶೇ. 27 ಪಡೆದು 24 ಸ್ಥಾನಗಳೊಂದಿಗೆ ಮೊದಲನೆಯದಾಗಿ ನಿಂತಿತ್ತು. ಗುರುವಾರ ಹಾಕಿದ ಎರಡು ವೋಟು, ಎರಡು ಬೇರೆ ಉತ್ತರ. (ಯುಕಿಪ್ ಎಲ್ಲ ವಾರ್ಡುಗಳಲ್ಲೂ ಅಭ್ಯರ್ಥಿ ಹಾಕಿರಲಿಲ್ಲ. ಆದ್ದರಿಂದ ಈ ಅಂತರವೆಲ್ಲ ಪಕ್ಷ ಬದಲಿಸಿದವರದೇ ಎಂದು ತಿಳಿಯಬಾರದು.)

ಕೌನ್ಸಿಲ್ ಎಂದರೆ ಮನೆ ಮುಂದಿನ ಕಸ, ರಸ್ತೆಯ ಗುಂಡಿ, ಮುದುಕರ ಆರೈಕೆ, ವರ್ಷವರ್ಷ ಕಟ್ಟುವ ಕೌನ್ಸಿಲ್ ತೆರಿಗೆ. ಬಾಗಿಲು ತಟ್ಟಿ ಮಾತಾಡಿಸಿದ ಕೌನ್ಸಿಲರ್ ಕೆಲಸ ಮಾಡಿಕೊಟ್ಟಿದ್ದರೆ ಪಕ್ಷ ನೋಡದೆ ವೋಟು ಹಾಕುತ್ತಾರೆ. ಯುರೋಪಿನ ವೋಟಿನಿಂದ ಲಂಡನ್ನಿನಲ್ಲಿ ಸರ್ಕಾರ ಬೀಳುತ್ತಲೂ ಇರಲಿಲ್ಲ, ಏಳುತ್ತಲೂ ಇರಲಿಲ್ಲ. ಅಲ್ಲಿ ಸಿಟ್ಟು ತೋರಿಸಿದರೆ ಮನೆಗೆ ನಷ್ಟವಿರಲಿಲ್ಲ. 1980ರಲ್ಲಿ ರೈಫ್ ಮತ್ತು ಶ್ಮಿಟ್ ಎಂಬ ವಿದ್ವಾಂಸರು ಇಂಥವನ್ನು ಎರಡನೇ ದರ್ಜೆಯ ಚುನಾವಣೆ ಎಂದು ಕರೆದದ್ದು ಇದಕ್ಕೇ.

ನಿಯಮದ ಪಾತ್ರವೂ ದೊಡ್ಡದು. 1989ರ ಯುರೋಪಿಯನ್ ಚುನಾವಣೆಯಲ್ಲಿ ಗ್ರೀನ್ ಪಕ್ಷಕ್ಕೆ ಸುಮಾರು ಶೇ. 15 ಮತ ಬಂದರೂ ಒಂದೂ ಸ್ಥಾನ ಸಿಗಲಿಲ್ಲ. ಕ್ಷೇತ್ರದಲ್ಲಿ ಹೆಚ್ಚು ಮತ ಪಡೆದವರೇ ಗೆಲ್ಲುವ ಪದ್ಧತಿ ಆಗಿನದು. 1999ರಿಂದ ಮತಕ್ಕೆ ತಕ್ಕಷ್ಟು ಸ್ಥಾನ ಸಿಗತೊಡಗಿತು, ಸಣ್ಣ ಪಕ್ಷಕ್ಕೆ ಹಾಕಿದ ವೋಟು ನೀರುಪಾಲಾಗುವ ಭಯ ಕಡಿಮೆಯಾಯಿತು. ವಾರ್ಡಿನಲ್ಲಿ ಆ ಭಯ ಇದ್ದೇ ಇತ್ತು.

ನಮ್ಮವರಿಗೆ ಇದು ಹೊಸದಲ್ಲ. 1984ರ ಡಿಸೆಂಬರಿನಲ್ಲಿ ಲೋಕಸಭೆಯ 28 ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿಗೆ ಕೊಟ್ಟ ಕರ್ನಾಟಕ, ಮೂರು ತಿಂಗಳಲ್ಲಿ ವಿಧಾನಸಭೆಯ 224ರಲ್ಲಿ 139 ಸ್ಥಾನ ಕೊಟ್ಟು ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷವನ್ನು ಗೆಲ್ಲಿಸಿತು. ದಿಲ್ಲಿಗೆ ಯಾರು, ಬೆಂಗಳೂರಿಗೆ ಯಾರು ಎಂದು ಜನ ಬೇರೆ ಬೇರೆಯಾಗಿ ಯೋಚಿಸಿದ್ದರು.

2019ರಲ್ಲಿ ಬ್ರಿಟನ್ನಿನ ಅಂತರ ಇನ್ನೂ ಹಿಗ್ಗಿತು. ಮೇ 2ರ ಸ್ಥಳೀಯ ಚುನಾವಣೆಯಲ್ಲಿ, ಒಕ್ಕೂಟ ಬಿಡಲೇಬೇಕೆನ್ನುವ ಬ್ರೆಕ್ಸಿಟ್ ಪಕ್ಷ ಕಣದಲ್ಲೇ ಇರಲಿಲ್ಲ. ಮೇ 23ರ ಯುರೋಪಿಯನ್ ಚುನಾವಣೆಯಲ್ಲಿ ಅದು ಶೇ. 30 ದಾಟಿತು, ಆಳುವ ಕನ್ಸರ್ವೇಟಿವ್ ಪಕ್ಷ ಶೇ. 9ಕ್ಕೆ ಕುಸಿಯಿತು. ಡಿಸೆಂಬರಿನ ಸಂಸತ್ ಚುನಾವಣೆಯಲ್ಲಿ ಅದೇ ಕನ್ಸರ್ವೇಟಿವ್‌ಗೆ ಸುಮಾರು ಶೇ. 44.

2020ರ ಜನವರಿ 31ರಂದು ಬ್ರಿಟನ್ ಒಕ್ಕೂಟ ಬಿಟ್ಟಿತು, ಆ ಉದ್ದದ ಮತಪತ್ರವೂ ಹೋಯಿತು. 2025ರ ಮೇ ತಿಂಗಳಲ್ಲಿ, ಹಿಂದೆ ಯುಕಿಪ್ ಮತ್ತು ಬ್ರೆಕ್ಸಿಟ್ ಪಕ್ಷಗಳನ್ನು ಮುನ್ನಡೆಸಿದ್ದ ನೈಜೆಲ್ ಫರಾಜ್ ಅವರ ರಿಫಾರ್ಮ್ ಪಕ್ಷ ಇಂಗ್ಲೆಂಡಿನ ಹತ್ತು ಕೌನ್ಸಿಲ್‌ಗಳನ್ನು ಗೆದ್ದಿತು. ಈ ಬಾರಿ ಗುರುತು ಬಿದ್ದದ್ದು ರಸ್ತೆ ದುರಸ್ತಿ ಮಾಡಿಸುವ, ಮುದುಕರ ಆರೈಕೆ ನೋಡುವ ಕೌನ್ಸಿಲ್‌ಗಳ ಮತಪತ್ರದ ಮೇಲೆಯೇ.