ಸೀಸನ್ ಮುಗಿದ ಮೇಲೆ ಬರುವವರು

ನನ್ನ ಕ್ಲಿನಿಕ್ಕಿಗೆ ಜನ ಜಾಸ್ತಿ ಬರುವುದು ಊರು ಖಾಲಿಯಾದ ಮೇಲೆ. ಸೀಸನ್ ನಡೆಯುವಾಗ ಇಲ್ಲಿನ ಹುಡುಗರಿಗೆ ಕಾಯಿಲೆ ಬೀಳಲೂ ಪುರುಸೊತ್ತಿರುವುದಿಲ್ಲ. ಕೊನೆಯ ಪ್ರವಾಸಿ ಹೊರಟು, ರೂಮುಗಳಿಗೆ ಬೀಗ ಬಿದ್ದು, ಎರಡು ಮೂರು ವಾರ ಕಳೆಯಬೇಕು. ಆಗ ಒಬ್ಬೊಬ್ಬರಾಗಿ ಬರುತ್ತಾರೆ. ತಾವಾಗಿ ಬರುವವರು ಕಡಿಮೆ. ಅಮ್ಮನೋ ಅಣ್ಣನೋ ಎಳೆದುಕೊಂಡು ಬಂದಿರುತ್ತಾರೆ. 'ನಿದ್ದೆ ಬರ್ತಿಲ್ಲ ಡಾಕ್ಟ್ರೇ' ಎಂಬಲ್ಲಿಂದ ಮಾತು ಶುರು.

ನಾನು ಮನೋವೈದ್ಯ. ಪ್ರವಾಸಿಗಳನ್ನೇ ನಂಬಿಕೊಂಡ ಒಂದು ಸಣ್ಣ ಊರಿನಲ್ಲಿ ಡ್ರಗ್ಸ್ ಚಟಕ್ಕೆ ಬಿದ್ದವರನ್ನು ನೋಡುವುದೇ ನನ್ನ ಕೆಲಸದ ದೊಡ್ಡ ಪಾಲು. ಈ ಊರಲ್ಲಿ ಯಾಕಿಷ್ಟು ಎಂದು ಯಾರನ್ನು ಕೇಳಿದರೂ ಒಂದೇ ಉತ್ತರ: 'ಹೊರಗಿನವರು ತಂದು ಹಾಕಿದ್ದು.' ಸುಳ್ಳೇನಲ್ಲ. ಆದರೆ ಹೊರಗಿನವರು ಮೂರು ದಿನ ಇರುತ್ತಾರೆ, ಸೇದುತ್ತಾರೆ, ನುಂಗುತ್ತಾರೆ, ಗಾಡಿ ಹತ್ತಿ ಹೋಗುತ್ತಾರೆ. ಸೋಮವಾರ ಹೆಚ್ಚಿನವರು ಆಫೀಸಿನಲ್ಲಿರುತ್ತಾರೆ. ಅದೇ ಮಾಲು, ಅದೇ ರಾತ್ರಿ. ಪಕ್ಕದಲ್ಲಿ ಕೂತಿದ್ದ ನಮ್ಮ ಹುಡುಗನೇ ಯಾಕೆ ಸಿಕ್ಕಿಬಿದ್ದ?

ಇದಕ್ಕೆ ಉತ್ತರ ಹುಡುಕುವಾಗ ನನಗೆ ಯಾವಾಗಲೂ ನೆನಪಾಗುವುದು ವಿಯೆಟ್ನಾಂ. ಯುದ್ಧದ ಕೊನೆಯ ವರ್ಷಗಳಲ್ಲಿ ಅಲ್ಲಿದ್ದ ಅಮೆರಿಕದ ಸೈನಿಕರಿಗೆ ಹೆರಾಯಿನ್ ಸುಲಭವಾಗಿ ಸಿಗುತ್ತಿತ್ತು. ಲೀ ರಾಬಿನ್ಸ್ ಎಂಬ ಸಂಶೋಧಕಿ 1971ರ ಸೆಪ್ಟೆಂಬರಿನಲ್ಲಿ ಊರಿಗೆ ಮರಳಿದ ಸೈನಿಕರನ್ನು ಹುಡುಕಿ ಮಾತಾಡಿಸಿದರು. ಹೆಚ್ಚುಕಡಿಮೆ ಐದರಲ್ಲಿ ಒಬ್ಬ ಅಲ್ಲಿದ್ದಾಗ ಚಟಕ್ಕೆ ಬಿದ್ದವನೇ. ಇವರೆಲ್ಲ ಊರಿಗೆ ಬಂದು ಗಲ್ಲಿಗಲ್ಲಿಯಲ್ಲಿ ಹೆರಾಯಿನ್ ಹುಡುಕುತ್ತಾರೆ ಎಂದು ಸರ್ಕಾರ ಹೆದರಿತ್ತು. ಹಾಗಾಗಲಿಲ್ಲ. ಹಾಗೆ ಚಟ ಹತ್ತಿದವರಲ್ಲಿ ಮೊದಲ ವರ್ಷ ಮತ್ತೆ ಅದಕ್ಕೆ ಬಿದ್ದವರು ನೂರಕ್ಕೆ ಸುಮಾರು 5. ಮೂರು ವರ್ಷಕ್ಕೆ ಲೆಕ್ಕ ಹಾಕಿದರೂ 12. ಆ ಜಾಗ, ಆ ಭಯ, ಆ ಗೆಳೆಯರು, ಆ ಸಂಜೆ ಎಲ್ಲವನ್ನೂ ಅಲ್ಲೇ ಬಿಟ್ಟು ಬಂದಿದ್ದರು. ಬೇರೆ ಕಾರಣಗಳೂ ಇದ್ದವು, ಆದರೆ ಇದು ದೊಡ್ಡದು.

ಪ್ರವಾಸಿ ಕೂಡ ಹೀಗೇ ಮನೆಗೆ ಹೋಗುತ್ತಾನೆ. ನಮ್ಮ ಹುಡುಗನಿಗೆ ಹೋಗಲು ಬೇರೆ ಊರಿಲ್ಲ. ಅವನ ಮನೆಯೇ ವಿಯೆಟ್ನಾಂನಲ್ಲಿದೆ.

ಒಬ್ಬನ ವಿಷಯ ಹೇಳುತ್ತೇನೆ. ಗುರುತು ಸಿಗಬಾರದೆಂದು ಇಬ್ಬರು ಮೂವರ ಕತೆ ಕಲಸಿದ್ದೇನೆ. ವಯಸ್ಸು 24. ರಿಸಾರ್ಟ್ ಒಂದರಲ್ಲಿ ಎಲ್ಲ ಕೆಲಸಕ್ಕೂ ಅವನೇ: ಲಗೇಜ್ ಎತ್ತುವುದು, ಗಾಡಿ ಓಡಿಸುವುದು, ರಾತ್ರಿ ಎರಡು ಗಂಟೆಗೆ ನೀರಿನ ಬಾಟಲಿ ತಲುಪಿಸುವುದು. ಸೀಸನ್ನಿನಲ್ಲಿ ದಿನಕ್ಕೆ ನಾಲ್ಕು ತಾಸು ನಿದ್ದೆ ಸಿಕ್ಕರೆ ಪುಣ್ಯ. ಸೊಂಟ ಹಿಡಿದುಕೊಂಡಿತು. ಜೊತೆಯವನು ಒಂದು ಮಾತ್ರೆ ಕೊಟ್ಟ. ಟ್ರಾಮಡಾಲ್.

ಇದು ನೋವಿನ ಮಾತ್ರೆ, ನಿಜ. ಆದರೆ ಅಫೀಮಿನ ಬಳಗದ್ದು. ನೋವು ಹೋಗುವುದರ ಜೊತೆಗೆ ಮನಸ್ಸೂ ಸ್ವಲ್ಪ ಹಗುರಾಗುತ್ತದೆ. ಕೆಲವರಿಗೆ ಮಂಪರಿನ ಬದಲು ಹುರುಪು ಬರುತ್ತದೆ. ರಾತ್ರಿಯಿಡೀ ನಿಂತು ಕೆಲಸ ಮಾಡುವವನಿಗೆ ಇನ್ನೇನು ಬೇಕು? ವೈದ್ಯರು ಬರೆದುಕೊಟ್ಟರೂ ದಿನಕ್ಕೆ 400 ಮಿಲಿಗ್ರಾಂ ದಾಟುವಂತಿಲ್ಲ. ಅವನು ಸೀಸನ್ನಿನ ಕೊನೆಗೆ ಅದನ್ನು ಯಾವಾಗಲೋ ದಾಟಿದ್ದ. ಜಾಸ್ತಿಯಾದರೆ ಫಿಟ್ಸ್ ಬರುತ್ತದೆ, ಅವನಿಗೂ ಬಂತು. ಗಾಡಿ ಓಡಿಸುವಾಗ ಬರಲಿಲ್ಲ, ಸದ್ಯ.

ಗಮನಿಸಿ, ಇವನು ಮಜಾ ಮಾಡಲು ಶುರು ಮಾಡಿದವನಲ್ಲ. ಕೆಲಸ ಮಾಡಲು ಶುರು ಮಾಡಿದವನು. ಪ್ರವಾಸಿ ಊರಿನ ಚಟದಲ್ಲಿ ಈ ಪಾಲು ಯಾರ ಕಣ್ಣಿಗೂ ಬೀಳುವುದಿಲ್ಲ. ಎಲ್ಲರೂ ಪಾರ್ಟಿಯ ಕಡೆ ನೋಡುತ್ತಾರೆ. ಪಾರ್ಟಿ ಮುಗಿದ ಮೇಲೆ ಕುರ್ಚಿ ಎತ್ತಿಡುವವನ ಕಡೆ ಅಲ್ಲ.

ಒಂದು ದಿನ ನನ್ನೆದುರು ಕೂತಿದ್ದಾಗ ಅವನ ಫೋನು ಮೂರು ಸಲ ಗುಂಯ್ ಅಂದಿತು. ತೆಗೆದು ನನಗೇ ತೋರಿಸಿದ. ಯಾರೋ ಹಳೆಯ ಗೆಸ್ಟ್. ಮುಂದಿನ ವಾರ ಬರ್ತಿದ್ದೀವಿ, ಹೋದ ಸಲದ್ದೇ ಸಿಗುತ್ತಾ ಎಂಬ ಪ್ರಶ್ನೆ. ಕೊನೆಯಲ್ಲಿ 'ಬ್ರೋ'.

'ಲಗೇಜ್ ಎತ್ತುವಾಗ ನನ್ನ ಹೆಸರೂ ಕೇಳಲ್ಲ ಡಾಕ್ಟ್ರೇ. ಇದಕ್ಕೆ ಮಾತ್ರ ಬ್ರೋ' ಅಂದ. ನಗುತ್ತಲೇ ಹೇಳಿದ. ಆದರೆ ಫೋನನ್ನು ಜೇಬಿಗೆ ಹಾಕಲಿಲ್ಲ, ಅಂಗೈಯಲ್ಲೇ ಹಿಡಿದುಕೊಂಡ.

ಚಟಕ್ಕೆ ಕಾರಣ ಏನೆಂದು ನಾವು ಮೆದುಳಿನ ಚಿತ್ರ ಬರೆದು, ಆಸೆ ಹುಟ್ಟಿಸುವ ಡೋಪಮೈನ್ ಎಂಬ ರಾಸಾಯನಿಕ ಎಂದು ವಿವರಿಸುತ್ತೇವೆ. ಅದೂ ಬೇಕು. ಆದರೆ ಆ 'ಬ್ರೋ' ಕೂಡ ಒಂದು ಕಾರಣ. ಎಲ್ಲಿ ಏನು ಸಿಗುತ್ತದೆ ಎಂದು ಗೊತ್ತಿರುವುದೇ ಅವನಿಗಿದ್ದ ಬೆಲೆ. ಕೊಡಿಸಿದವನಿಗೆ ಒಂದು ಪಾಲು ಉಳಿಯುತ್ತದೆ. ಅದನ್ನು ಅವನೇ ಬಳಸುತ್ತಾನೆ. ಸೀಸನ್ ಮುಗಿದರೆ ಟಿಪ್ಸ್ ನಿಲ್ಲುತ್ತದೆ, ಕೆಲಸ ನಿಲ್ಲುತ್ತದೆ, 'ಬ್ರೋ' ಎನ್ನುವವರೂ ಇಲ್ಲ. ಮೈ ಮಾತ್ರ ಕೇಳುತ್ತಲೇ ಇರುತ್ತದೆ. ಕೆಲಸ ಮಾಡಲು ತೆಗೆದುಕೊಂಡದ್ದನ್ನು ಈಗ ದಿನ ಕಳೆಯಲು ತೆಗೆದುಕೊಳ್ಳುತ್ತಾನೆ, ಸಾಲ ಮಾಡಿ. ಚಟ ಶುರುವಾಗುವುದು ಸೀಸನ್ನಿನಲ್ಲಿ. ಬೇರು ಬಿಡುವುದು ಈ ಖಾಲಿ ತಿಂಗಳುಗಳಲ್ಲಿ.

ಹಾಗಂತ ಮುಟ್ಟಿದವರೆಲ್ಲ ಬೀಳುವುದಿಲ್ಲ. 1994ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಸಮೀಕ್ಷೆಯಲ್ಲಿ, ಒಮ್ಮೆಯಾದರೂ ಬಳಸಿದವರ ಪೈಕಿ ಚಟಕ್ಕೆ ಬಿದ್ದವರು ಗಾಂಜಾದಲ್ಲಿ ನೂರಕ್ಕೆ 9, ಮದ್ಯದಲ್ಲಿ 15, ಹೆರಾಯಿನ್‌ನಲ್ಲಿ 23, ತಂಬಾಕಿನಲ್ಲಿ 32. ತಂಬಾಕಿನ ಅಂಕಿ ಹೇಳಿದಾಗ ಅಪ್ಪಂದಿರು ಮುಖ ಬೇರೆ ಕಡೆ ತಿರುಗಿಸುತ್ತಾರೆ. ಯಾರು ಬೀಳುತ್ತಾರೆ ಎನ್ನುವುದರಲ್ಲಿ ಸುಮಾರು ಅರ್ಧ ಪಾಲು ವಂಶದಿಂದ ಬಂದದ್ದು. ಉಳಿದದ್ದರಲ್ಲಿ ಮುಖ್ಯವಾದದ್ದೊಂದು, ಎಷ್ಟು ಚಿಕ್ಕ ವಯಸ್ಸಿಗೆ ಶುರು ಮಾಡಿದರು ಎನ್ನುವುದು. ಆಸೆಗೆ ಬ್ರೇಕ್ ಹಾಕುವ ಮೆದುಳಿನ ಮುಂಭಾಗ ಪೂರ್ತಿ ಬಲಿಯಲು ಸುಮಾರು 25 ವರ್ಷ ಬೇಕು. ಇಲ್ಲಿನ ಮಕ್ಕಳು ಹದಿನಾಲ್ಕಕ್ಕೇ ಗೈಡ್ ಆಗಿ ಅಡ್ಡಾಡುತ್ತಿರುತ್ತಾರೆ. ಇನ್ನೊಂದು ವಿಷಯವಿದೆ. ಅವರು ನೋಡುವ ಹೊರಗಿನ ದೊಡ್ಡವರೆಲ್ಲ ಯಾವಾಗಲೂ ರಜೆಯಲ್ಲಿರುವವರು. ಕುಡಿಯುತ್ತಾರೆ, ನಗುತ್ತಾರೆ, ಮಧ್ಯಾಹ್ನ ಏಳುತ್ತಾರೆ. ಅವರ ಸೋಮವಾರವನ್ನು ಈ ಮಕ್ಕಳು ನೋಡಿಯೇ ಇಲ್ಲ.

ಐಸ್‌ಲ್ಯಾಂಡ್‌ನಲ್ಲಿ 1998ರಲ್ಲಿ 15-16 ವರ್ಷದವರಲ್ಲಿ ನೂರಕ್ಕೆ 42 ಮಂದಿ ಹಿಂದಿನ ಒಂದು ತಿಂಗಳಲ್ಲಿ ಅಮಲೇರುವಷ್ಟು ಕುಡಿದಿದ್ದರು. 2016ಕ್ಕೆ ಅದು 5ಕ್ಕೆ ಇಳಿಯಿತು. ಅವರು ಮಾಡಿದ್ದು ಮುಖ್ಯವಾಗಿ ಸಂಜೆಯನ್ನು ತುಂಬುವ ಕೆಲಸ: ಆಟ, ಸಂಗೀತ, ರಾತ್ರಿಯ ಹೊತ್ತಿಗೆ ಮಕ್ಕಳು ಮನೆ ಸೇರುವ ನಿಯಮ, ಅಪ್ಪ-ಅಮ್ಮನ ಜೊತೆ ಸಮಯ. ಇದನ್ನು ನಮ್ಮಂಥ ಊರಲ್ಲಿ ಹೇಳಿದರೆ ಜನ ನಗುತ್ತಾರೆ. ಸಂಜೆಯೇ ಅಪ್ಪ-ಅಮ್ಮ ಇಬ್ಬರಿಗೂ ಡ್ಯೂಟಿ. ಆಟದ ಮೈದಾನ ಪಾರ್ಕಿಂಗ್ ಆಗಿದೆ.

ಮನೆಯವರು ಸಾಮಾನ್ಯವಾಗಿ ಹಿಡಿಯುವ ದಾರಿ ಹುಡುಗನನ್ನು ದೂರ ಕಳಿಸುವುದು. ಆರು ತಿಂಗಳು ಎಲ್ಲೋ ಇರುತ್ತಾನೆ, ಮುಟ್ಟುವುದಿಲ್ಲ, ಮೈ ತುಂಬಿಕೊಂಡು ವಾಪಸ್ ಬರುತ್ತಾನೆ. ನಾನು ಹೆದರುವುದು ಆಮೇಲಿನ ಮೊದಲ ವಾರಕ್ಕೆ. ಬಿಟ್ಟವನ ಮೈ ಹಳೆಯ ಪ್ರಮಾಣವನ್ನು ತಡೆಯುವ ಶಕ್ತಿ ಕಳೆದುಕೊಂಡಿರುತ್ತದೆ. ಕೈಗೆ ಮಾತ್ರ ಹಳೆಯ ಲೆಕ್ಕವೇ ನೆನಪು. ಅಫೀಮಿನ ಬಳಗದ ಯಾವುದನ್ನೇ ಆ ಲೆಕ್ಕದಲ್ಲಿ ತೆಗೆದುಕೊಂಡರೆ ಉಸಿರು ನಿಲ್ಲಬಹುದು.

ಜಾಗಕ್ಕೂ ನೆನಪಿರುತ್ತದೆ. ನಮ್ಮ ಹುಡುಗ ಬಿಟ್ಟು ಒಂದು ತಿಂಗಳಾಗಿತ್ತು. ರಿಸಾರ್ಟಿನ ಹಿಂದೆ ಗಾಡಿ ನಿಲ್ಲಿಸುವ ತಿರುವಿನಲ್ಲಿ ಅವನಿಗೆ ಮಾಲು ಕೈಸೇರುತ್ತಿತ್ತು. ಸುಮ್ನೆ ಆ ಕಡೆ ನಡೆದು ಹೋದನಂತೆ. ಒಂದರ ಹಿಂದೆ ಒಂದು ಆಕಳಿಕೆ, ಕಣ್ಣಲ್ಲಿ ನೀರು, ಮೂಗು ಸೋರಿತು, ಮೈಯೆಲ್ಲ ಮುಳ್ಳೆದ್ದಿತು. ಅಫೀಮು ಬಿಟ್ಟ ಎರಡನೇ ದಿನ ಆಗುವುದೆಲ್ಲ ಒಂದು ತಿಂಗಳಾದ ಮೇಲೆ ಒಂದು ತಿರುವಿನಲ್ಲಿ ಆಯಿತು. ಏಬ್ರಹಾಂ ವಿಕ್ಲರ್ ಎಂಬ ವೈದ್ಯರು 1940ರ ದಶಕದಲ್ಲೇ ಇದನ್ನು ಗುರುತಿಸಿ ಬರೆದಿದ್ದರು. 'ಮನಸ್ಸು ಗಟ್ಟಿ ಮಾಡ್ಕೋ' ಎಂದು ಇಂಥವನಿಗೆ ಹೇಳುವುದರಲ್ಲಿ ಅರ್ಥವಿಲ್ಲ. ಮೂಗು ಸೋರುವುದನ್ನು ಮನಸ್ಸು ಗಟ್ಟಿ ಮಾಡಿ ನಿಲ್ಲಿಸಲು ಆಗುತ್ತದಾ?

ಹಾಗಾಗಿ ನಾನು ಇಲ್ಲೇ, ಈ ಊರಲ್ಲೇ ಇಟ್ಟುಕೊಂಡು ಚಿಕಿತ್ಸೆ ಮಾಡುತ್ತೇನೆ. ಬ್ಯುಪ್ರೆನಾರ್ಫಿನ್ ಎಂಬ ಔಷಧಿ ಇದೆ, ಅದೂ ಅಫೀಮಿನ ಬಳಗದ್ದೇ. ಆ ಚಡಪಡಿಕೆಯನ್ನು ತಡೆಯುತ್ತದೆ, ಅಮಲು ಏರಿಸುವುದು ಕಡಿಮೆ. ಒಂದು ಚಟ ಬಿಡಿಸಿ ಇನ್ನೊಂದು ಹಚ್ಚುತ್ತೀರಿ ಎಂದು ಬೈಯುವವರಿದ್ದಾರೆ. ಬೈಯಲಿ. ಆ ಔಷಧಿ ತೆಗೆದುಕೊಳ್ಳುತ್ತಿರುವವರು ಸಾಯುವುದು ಕಡಿಮೆ. ಉಳಿದದ್ದು ಸಣ್ಣಪುಟ್ಟ ಕೆಲಸ. ಹೊಸ ಸಿಮ್ ಹಾಕಿಸಿದೆವು. ಆ ತಿರುವು ಬಿಟ್ಟು ಹೋಗುವ ದಾರಿಯನ್ನು ಕಾಗದದ ಮೇಲೆ ಬರೆದುಕೊಂಡೆವು. ರಾತ್ರಿ ಪಾಳಿ ತಪ್ಪಿಸಿ ಲಾಂಡ್ರಿಗೆ ಹಾಕಿ ಎಂದು ಅವನ ಮ್ಯಾನೇಜರಿಗೆ ಅವನ ಒಪ್ಪಿಗೆ ಪಡೆದೇ ಫೋನ್ ಮಾಡಿದೆ. ಎರಡು ಸಲ ಆಗಲ್ಲ ಅಂದರು, ಮೂರನೇ ಸಲ ಒಪ್ಪಿದರು.

'ಸೀಸನ್ನಲ್ಲಿ ಬರಕ್ಕಾಗಲ್ಲ ಡಾಕ್ಟ್ರೇ' ಅಂದ. ಬೆಳಿಗ್ಗೆ ಆರೂವರೆಗೆ ಬಾ, ಬಾಗಿಲು ತೆಗೆದಿರ್ತೀನಿ ಅಂದೆ. ಸೀಸನ್ನಿನ ಮೊದಲ ಸೋಮವಾರ ಬಂದ, ಆಕಳಿಸುತ್ತಾ. ನನಗೆ ಎದೆ ಧಸಕ್ಕೆಂದಿತು. ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದೆ, ತೋಳು ಮುಟ್ಟಿ ನೋಡಿದೆ, ಮೂಗು ನೋಡಿದೆ. ಏನೂ ಇಲ್ಲ.

'ರಾತ್ರಿ ಹನ್ನೆರಡರ ತನಕ ಬೆಡ್‌ಶೀಟ್ ಒಗೆದಿದ್ದೀನಿ' ಅಂದ. 'ನಿದ್ದೆ ಡಾಕ್ಟ್ರೇ, ಬರೀ ನಿದ್ದೆ.'